ಹನ್ನೆರಡು ಮಂದಿಯ ಕೋಷ್ಟಕ

ರಾಜ್ಯದ ಕಚೇರಿಯಿಂದ ಬಂದ ನಮೂನೆ, ಹದಿನಾಲ್ಕು ಕಲಮು,
ಶುಕ್ರವಾರದೊಳಗೆ ತುಂಬಿ ಕಳಿಸಬೇಕು.
ಪಗಾರದ ಕಡತ ನನ್ನ ಮೇಜಿನಲ್ಲಿರುವುದರಿಂದ
ತುಂಬುವವಳೂ ನಾನೇ.

ಟೊಲೀಡೊ, ಫೆಬ್ರವರಿ. ಕಿಟಕಿಯಾಚೆ ನದಿ ಹೆಪ್ಪುಗಟ್ಟಿದೆ.
ಅದರ ಮೇಲೆ ಯಾರದೋ ಬೂಟಿನ ಗುರುತು
ನಡುವಿನವರೆಗೆ ಹೋಗಿ, ಯೋಚಿಸಿ, ಹಿಂದಿರುಗಿದೆ.

ದತ್ತು ವಿಭಾಗ: ಒಟ್ಟು ಹನ್ನೆರಡು.
ಹೆಂಗಸರು ಹನ್ನೊಂದು. ಗಂಡಸು ಒಂದು.
ಸರಾಸರಿ ವಯಸ್ಸು ನಲವತ್ತೊಂದೂವರೆ
(ಆ ಅರ್ಧ ವರ್ಷ ಯಾರ ಪಾಲಿನದೋ).
ಬಿಳಿಯರು ಏಳು, ಕಪ್ಪು ಜನ ನಾಲ್ವರು,
'ಇತರೆ' ಎಂಬ ಚೌಕದಲ್ಲಿ ಮಾರಿಸೋಲ್ ಒಬ್ಬಳೇ,
ಕೊನೆಯ ಬಸ್ಸಿಗೆ ಕಾದು ನಿಂತಂತೆ.

ಆ ಒಬ್ಬ ಗಂಡಸು ಗ್ಯಾರೆಟ್. ಬಂದು ಮೂರು ವರ್ಷ.
ಒಳ್ಳೆಯವನೇ; ಕಾಫಿ ಲೋಟ ತಾನೇ ತೊಳೆದಿಡುತ್ತಾನೆ.
ವರ್ನೆಟ್ಟಾ ಬಂದು ಹತ್ತೊಂಬತ್ತು.
ವರ್ಷಕ್ಕೆ ನಾಲ್ಕು ಸಾವಿರದ ಇನ್ನೂರು ಡಾಲರ್ ಅವನಿಗೆ ಹೆಚ್ಚು.
'ಕಾರಣ' ಎಂಬ ಕಲಮು ನಮೂನೆಯಲ್ಲಿಲ್ಲ.
ಅವನಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.
ಗೊತ್ತಿರುವುದು ನನಗೆ. ಮೂರು ವರ್ಷಕ್ಕೆ
ಬಾಯೊಳಗಿನ ಬಿಸಿತುಪ್ಪವೂ ಆರುತ್ತದೆ.
ಉಗುಳಲಿಲ್ಲ. ನುಂಗಿಯೂ ಇಲ್ಲ.

ಅಳೆಯುವುದು ವರ್ನೆಟ್ಟಾಳ ಕೆಲಸ.
ಮಗು ಬೇಕೆನ್ನುವವರ ಮನೆಗೆ ಹೋಗುತ್ತಾಳೆ, ಕೇಳುತ್ತಾಳೆ:
ಹೊಗೆಗಂಟೆ ಇದೆಯೇ? ಔಷಧಿಗೆ ಬೀಗ?
ಜಗಳವಾದಾಗ ಮೊದಲು ಮಾತು ಬಿಡುವವರು ಯಾರು?
ಬ್ಯಾಂಕಿನಲ್ಲಿ ಎಷ್ಟಿದೆ?
ಜನ ಅವಳು ಬರುವಳೆಂದು ಗೋಡೆಗೆ ಬಣ್ಣ ಬಳಿಯುತ್ತಾರೆ,
ಕೇಕು ಮಾಡುತ್ತಾರೆ. ಅವಳು ಮುಟ್ಟುವಂತಿಲ್ಲ, ನಿಯಮ.
ಹಿಂದಿರುಗುವಾಗ ಕಾರಿನಲ್ಲಿ
ಕಟ್ಟಿತಂದ ರೊಟ್ಟಿ ತಿನ್ನುತ್ತಾಳೆ.

ಶನಿವಾರ ಹಾರ್ಡ್‌ವೇರ್ ಅಂಗಡಿಯ ಗಲ್ಲಾ.
ಒಮ್ಮೆ ಅಲ್ಲಿಗೇ ಬಂದರು, ಅವಳೇ ಪರೀಕ್ಷಿಸುತ್ತಿದ್ದ ಗಂಡಹೆಂಡಿರು,
ಕೈಯಲ್ಲಿ ಹೊಸ ಹೊಗೆಗಂಟೆ.
ಏಪ್ರನ್ನು ನೋಡಿದರು, ಮುಖ ನೋಡಿದರು,
ಆಮೇಲೆ ಮೂವರೂ ಪೆಟ್ಟಿಗೆಯನ್ನೇ ನೋಡಿದರು.
"ಬ್ಯಾಟರಿ ಇದರೊಳಗಿರಲ್ಲ," ಅಂದಳಂತೆ ಇವಳು,
"ಬೇರೆ ತಗೋಬೇಕು."

ನಿನ್ನೆ ಮಧ್ಯಾಹ್ನ, ಮಾಡಬಾರದಿತ್ತು, ಆದರೂ ಮಾಡಿದೆ:
ಅವಳು ಪರರಿಗೆ ಹಿಡಿಯುವ ಆದಾಯದ ಹಾಳೆಯಲ್ಲಿ
ಅವಳದೇ ಅಂಕಿ ಬರೆದೆ.
ಬಾಡಿಗೆ. ಕಾರಿನ ಕಂತು. ತಾಯಿಯ ಆಮ್ಲಜನಕ.
ಓದು ಮುಗಿದು ಇಪ್ಪತ್ತು ವರ್ಷವಾದರೂ ಮುಗಿಯದ ಓದಿನ ಸಾಲ.
ಕೂಡಿ ಕಳೆದರೆ ಕೊನೆಯ ಸಾಲಿನಲ್ಲಿ ಬಂದದ್ದು:
ಮಗುವಿಗೆ ಸಾಲದು.
ಹಾಳೆಯನ್ನು ನಾಲ್ಕಾಗಿ ಹರಿದೆ, ಎಂಟಾಗಿ ಹರಿದೆ.

ಅವಳ ಬಳಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವಂತಿಲ್ಲ.
ಒಂಬತ್ತು ವರ್ಷ, ಎರಡು ಮನೆಗಳಿಂದ ವಾಪಸು ಬಂದವನು.
ಮೂರನೆಯದಕ್ಕೆ ಕರೆದೊಯ್ಯುವಾಗ
ಹಿಂದಿನ ಸೀಟಿನಿಂದ ಕೇಳಿದನಂತೆ:
"ನನ್ನನ್ನ ಕೊಟ್ಟರೆ ನಿನಗೆ ಎಷ್ಟು ಸಿಗುತ್ತೆ?"

ಕೊಟ್ಟಿದ್ದಕ್ಕಲ್ಲ ಕಣೋ, ಗಂಟೆಗಿಷ್ಟು ಅಂತ,
ಇಪ್ಪತ್ತೊಂದು ಡಾಲರು, ನಲವತ್ತು ಸೆಂಟು.
ಅವನು ಬೆರಳು ಮಡಚಿದ, ಬಿಚ್ಚಿದ,
ಕಿಟಕಿಯ ಹಬೆಯ ಮೇಲೆ ಗುಣಿಸಿದ.
ಬಹಳ ಹೊತ್ತಿನ ಮೇಲೆ ಹೇಳಿದ:
"ಹಾಗಾದರೆ ನಿಧಾನ ಓಡಿಸು."

ಊಟದ ಕೋಣೆಯಲ್ಲಿ ಇದನ್ನು ಹೇಳಿ ಅವಳು ನಕ್ಕಳು, ನಾವೂ ನಕ್ಕೆವು,
ಗ್ಯಾರೆಟ್ ಲೋಟ ತೊಳೆಯಲು ಎದ್ದುಹೋದ,
ನಲ್ಲಿ ಬಹಳ ಹೊತ್ತು ಹರಿಯಿತು.

ಆ ದಿನದ ಪ್ರಯಾಣದ ಚೀಟಿ ನನ್ನ ಬಳಿ ಬಂದಿತ್ತು.
ಎಪ್ಪತ್ತೆರಡು ಮೈಲಿ. ಎರಡೂ ಮುಕ್ಕಾಲು ಗಂಟೆ.
ಹಿಮವಿರಲಿಲ್ಲ ಅಂದು, ಒಣ ರಸ್ತೆ.
ಪ್ರಶ್ನೆ ಕೇಳುವುದು ನನ್ನ ಕೆಲಸ.
ಸಹಿ ಹಾಕಿದೆ.