ತಾರ್ಲೆಯ ಮುಳ್ಳು

ಕಾರವಾರ ಡಿಪೋದ ಬಸ್ಸುಗಳಲ್ಲಿ
ಇಡೀ ದಿನ ಟಿಕೆಟ್ ಹರಿದ ಬೆರಳು
ರಾತ್ರಿ ನನ್ನ ಬಟ್ಟಲಿಗೆ ಇಳಿಯುತ್ತಿತ್ತು.
ತಾರ್ಲೆಯ ಬೆನ್ನು ಸೀಳಿ, ನಡುಮುಳ್ಳು ಎತ್ತಿ,
ಕೂದಲಿನಂಥವನ್ನೂ ಒಂದೊಂದೇ ಹೆಕ್ಕಿ,
ಬಲ್ಬಿನ ಬೆಳಕಿಗೆ ಹಿಡಿದು ನೋಡಿ
"ತಿನ್ನು ನನ್ನ ಬಂಗಾರ, ಕಣ್ಣು ಮುಚ್ಚಿ ತಿನ್ನು"
ಎನ್ನುತ್ತಿದ್ದ ಅಪ್ಪ.
ಕೈಗೆ ಚಿಲ್ಲರೆಯ ವಾಸನೆ,
ಬಾಯಲ್ಲಿ ಊರಿಗೆಲ್ಲ ಹಂಚಿ ಮಿಕ್ಕಿದ ಮಾತು.

ಆಯಿ ಬೈತಖೋಲದ ಬಂದರಿನಲ್ಲಿ ಹುಟ್ಟಿದವಳು.
"ಸಮುದ್ರದ ದಂಡೆಯ ಹುಡುಗಿಗೆ
ಮುಳ್ಳು ತೆಗೆದು ಕೊಡೂದು ಎಂತಕ್ಕೆ?
ನಾಳೆ ನಿಮಗೆ ಹಳಿಯಾಳದಲ್ಲಿ ವಸ್ತಿ.
ಇದರ ಗಂಟಲು ಇದರ ಹತ್ರವೇ ಇರ್ತದೆ."

ವಸ್ತಿಯ ರಾತ್ರಿ ಮೀನು ಇಡಿಯಾಗಿ ಬರುತ್ತಿತ್ತು.
ಮೆಲ್ಲಗೆ, ಅನ್ನುತ್ತಿದ್ದಳು, ನಾಲಿಗೆಯನ್ನು ಕೇಳು,
ಅವಸರದ ಹಲ್ಲಿಗೆ ಏನೂ ತಿಳಿಯೂದಿಲ್ಲ.
ಅಳುತ್ತ ತಿಂದೆ. ಬಂಗಾರ ಎನ್ನಲಿಲ್ಲ ಅವಳು.
(ನನ್ನ ಕೊನೆಯ ತುತ್ತು ಇಳಿಯುವ ತನಕ
ತನ್ನ ಬಟ್ಟಲಿಗೆ ಅವಳು ಕೈ ಹಾಕಿದ ನೆನಪಿಲ್ಲ.
ಇದು ಮೊನ್ನೆ ಹೊಳೆದದ್ದು,
ಆಗ ಲೆಕ್ಕಕ್ಕೆ ಬಂದಿರಲಿಲ್ಲ.)

ಒಮ್ಮೆ ಸಿಕ್ಕಿಯೇಬಿಟ್ಟಿತು.
ಅಪ್ಪ ನನ್ನನ್ನು ಹೆಗಲಿಗೆ ಹಾಕಿ
ಬರಿಗಾಲಲ್ಲಿ ಆಸ್ಪತ್ರೆಯ ಕಡೆ ಓಡಿದ,
ದಾರಿಯ ದೇವರಿಗೆಲ್ಲ ಹರಕೆ ಹೊರುತ್ತ.
ಆಯಿ ಹಿಂದಿನಿಂದ ಬಂದು ತಡೆದು
ಮುಷ್ಟಿಯಲ್ಲಿದ್ದ ಅನ್ನದ ಉಂಡೆ ಬಾಯಿಗೆ ತುರುಕಿ
"ನುಂಗು" ಎಂದಳು. ಇಳಿಯಿತು.
ಬೀದಿದೀಪದ ಕೆಳಗೇ ಜಗಳ:
ನಿನಗೆ ಕರುಳೇ ಇಲ್ಲ ಎಂದು ಇವ,
ನಿಮ್ಮದು ಬರೀ ಬಾಯಿ ಎಂದು ಅವಳು.
ಅಪ್ಪನ ಹಿಮ್ಮಡಿಗೆ ಗಾಜು ಚುಚ್ಚಿ ರಕ್ತ.
ಆಯಿಯ ಇನ್ನೊಂದು ಮುಷ್ಟಿ ಬಹಳ ಹೊತ್ತು ಬಿಚ್ಚಲಿಲ್ಲ.
ಅದರಲ್ಲೂ ಅನ್ನವಿತ್ತು.

ಎಷ್ಟೋ ವರ್ಷ ನಾನು ಅಪ್ಪನ ಪಕ್ಷ.
ಮದುವೆಯಾದ ಹೊಸದರಲ್ಲಿ, ಹತ್ತು ಜನರ ನಡುವೆ
ಮಾತಾಡುತ್ತಲೇ ತಾರ್ಲೆ ತಿನ್ನುತ್ತಿದ್ದೆ,
ಮುಳ್ಳು ತಾನಾಗಿ ತುಟಿಯ ಅಂಚಿಗೆ ಬರುತ್ತಿತ್ತು.
ಯಾರು ಕಲಿಸಿದ್ದೇ, ಎಂದು ಅತ್ತೆ ಕೇಳಿದರೆ
ಅಭ್ಯಾಸ, ಎಂದೆ.
ಆಯಿಯ ಹೆಸರು ಹೇಳಲಿಲ್ಲ.

ಅಪ್ಪನ ಬಲಗೈ ಬಿದ್ದು ಎರಡು ಮಳೆಗಾಲವಾಯಿತು.
ಕೋಡಿಬಾಗದಿಂದ ಭಾನುವಾರ ಹೋದರೆ
ಆಯಿ ಅವನ ಬಟ್ಟಲಿಗೆ ಬಾಗಿ ಕೂತಿದ್ದಾಳೆ.
ಕನ್ನಡಕ ಮೂಗಿನ ತುದಿಗೆ.
ಅವನಷ್ಟು ನಾಜೂಕಿಲ್ಲ, ಮೀನೆಲ್ಲ ಪುಡಿಪುಡಿ,
ಆದರೂ ಕೂದಲಿನಂಥವೂ ಒಂದೊಂದೇ
ಗೋಡೆಯ ಬದಿಗೆ ಸಾಲಾಗಿ.
ಅಪ್ಪನ ಮಾತೂ ಈಗ ಅರ್ಧಕ್ಕೇ ಮುರಿಯುತ್ತದೆ.
"ಎಲ್ಲ ತೆಗೀಬೇಡ ರುಕ್ಮಾ... ಒಂದು ಬಿಡು.
ನಾಲಿಗೆ... ಇನ್ನೂ ಅದೆ."

"ಸುಮ್ಮನೆ ತಿನ್ನಿ" ಎಂದಳು, ತಲೆ ಎತ್ತದೆ.
ಆಮೇಲೆ ಬಿಟ್ಟಳು ಒಂದನ್ನು:
ಎಲ್ಲಕ್ಕಿಂತ ದಪ್ಪದ್ದನ್ನು, ಅನ್ನದ ಮೇಲೆಯೇ,
ಕಣ್ಣು ಮುಚ್ಚಿದರೂ ಕಾಣುವಂತೆ.

ಅಪ್ಪ ಅದನ್ನು ಹುಡುಕುವವನಂತೆ ನಟಿಸಿದ,
ಬಹಳ ಹೊತ್ತು.