ಒಣ ಸೇತುವೆಯ ಇಕ್ಕಳ

ಶನಿವಾರ, ತಿಬಿಲಿಸಿಯ ಒಣ ಸೇತುವೆ ಸಂತೆ.
ಪಿಂಗಾಣಿ ಬಟ್ಟಲು, ಪದಕ, ಯಾರದೋ ಮದುವೆಯ ಫೋಟೊ,
ಅವುಗಳ ನಡುವೆ ಅಂಬ್ರೋಸಿ ಹಾಸಿದ ಕಂಬಳಿ,
ಕಂಬಳಿಯ ತುಂಬ ಕಬ್ಬಿಣ.

ಹೊಳಪಿಗೆ ಕೈ ಹಾಕಬೇಡ, ಬಾಚೋ, ಎಂದೆ.
ಕೆಂಪು ರಬ್ಬರಿನ ಅಂಗಿ ತೊಟ್ಟದ್ದನ್ನು ಅತ್ತ ಇಡು,
ಅಂಗಿ ಹರಿದ ದಿನ ಅದರ ಗುಣ ತಿಳಿಯುತ್ತದೆ.
ಬಾಯಿ ಮುಚ್ಚಿಸಿ ಬಿಸಿಲಿಗೆ ಹಿಡಿ:
ದವಡೆಗಳ ನಡುವೆ ಬೆಳಕು ಓರೆಯಾಗಿ ಬಂದರೆ
ಹಿಡಿತವೂ ಓರೆ.
ಕೀಲು ಅಲ್ಲಾಡಿಸು. ಗಲಗಲ ಎಂದರೆ
ಅದು ಇಕ್ಕಳವಲ್ಲ, ಗಿಲಕಿ.
ಅರದಿಂದ ಹಲ್ಲನ್ನು ಮೆಲ್ಲಗೆ ಗೀಚು;
ಅರ ಕಚ್ಚಿದರೆ ಉಕ್ಕು ಇನ್ನೂ ಹಸಿ,
ಜಾರಿದರೆ ಚೆನ್ನಾಗಿ ಬೆಂದದ್ದು.
ಕೊನೆಗೆ ಹಿಡಿಯನ್ನು ಪೂರ್ತಿ ಅದುಮು,
ನಡುವೆ ಬೆರಳಿಗೊಂದು ಜಾಗ ಉಳಿಯಬೇಕು.
ಉಳಿಸದ ಒಂದು ನನ್ನ ಈ ಉಗುರನ್ನು ತಿಂದಿದೆ, ನೋಡು.

ಕೊಂಡದ್ದು ಬಣ್ಣಗೆಟ್ಟ ಒಂದನ್ನು.
ಹಿಡಿಯ ಮೇಲೆ ಬೆಲೆಯ ಅಚ್ಚು, ರೂಬಲ್ಲಿನಲ್ಲಿ.
ಆ ದುಡ್ಡೂ ಇಲ್ಲ, ದುಡ್ಡಿಗೆ ಅಚ್ಚು ಹಾಕಿದ ದೇಶವೂ ಇಲ್ಲ;
ಅಂಬ್ರೋಸಿ ಮಾತ್ರ ಹದಿನೈದಕ್ಕೆ ಬಗ್ಗಲಿಲ್ಲ.
ಇಪ್ಪತ್ತು ಕೊಟ್ಟೆ.

ರಾತ್ರಿ ಎರಡಕ್ಕೆ ಜುಂಬೇರನ ಫೋನು.
ಸೊಲೊಲಾಕಿಯ ನೆಲಮಾಳಿಗೆ, ರೊಟ್ಟಿಯಂಗಡಿ.
ಗೋಡೆಯ ಕೊಳವೆಯಿಂದ ಇಳಿದ ನೀರಿನ ಎಳೆ
ಹಿಟ್ಟಿನ ಚೀಲಗಳ ವಿಳಾಸ ಹುಡುಕುತ್ತಿತ್ತು.
ಬೀದಿಯ ಕವಾಟ ಮುಚ್ಚಿಸಿ, ಮಂಡಿಯೂರಿ ನೋಡಿದೆ:
ನಟ್ಟಿನ ಆರು ಮೂಲೆಗಳಲ್ಲಿ ಒಂದೂ ಇಲ್ಲ,
ಯಾರೋ ಕಚ್ಚಿ ಕಚ್ಚಿ ಗೋಲಿ ಮಾಡಿಟ್ಟಿದ್ದಾರೆ.
ಸ್ಪ್ಯಾನರಿಗೆ ಇಲ್ಲಿ ಕೆಲಸವಿಲ್ಲ.
ಹಲ್ಲಿರುವಾಗಲೇ ಕಡಲೆಯೂ ಸಿಕ್ಕಿತು, ಎಂದೆ ನಿನಗೆ.
ಯಾವ ಕತ್ತೆಯ ಕೈಕೆಲಸ ಇದು, ಎಂದೆ ಅವನಿಗೆ.
ಜುಂಬೇರ್ ಭಾವಮೈದುನನ ಹೆಸರು ಹೇಳಿದ.
ಇಬ್ಬರೂ ಸೇರಿ ಅವನನ್ನು ಚೆನ್ನಾಗಿ ಬೈದೆವು.

ಎಣ್ಣೆ ಬಿಟ್ಟು ಕೂತೆವು.
ಕಷ್ಟವಿರುವುದು ಇಲ್ಲಿಯೇ, ಕೂರುವುದರಲ್ಲಿ.
ಎಷ್ಟೋ ಚಳಿಗಾಲ ತೆಗೆದುಕೊಂಡು ಹಿಡಿದ ತುಕ್ಕು,
ಬಿಡುವುದಕ್ಕೆ ಅರ್ಧ ಗಂಟೆಯಾದರೂ ಕೊಡಬೇಡವೆ?
ಸುತ್ತಿಗೆಯಿಂದ ಟಕ್ ಟಕ್,
ಬಾಗಿಲು ತಟ್ಟಿದ ಹಾಗೆ, ಮುರಿದ ಹಾಗಲ್ಲ.
ಆಮೇಲೆ ದವಡೆಯನ್ನು ಒಂದೊಂದೇ ಮೆಟ್ಟಿಲು ಇಳಿಸಿ
ಸಂದಿಲ್ಲದಂತೆ ಕೂರಿಸಿದೆ.
ಎಳೆದಷ್ಟೂ ಬಾಯಿ ಬಿಗಿಯುವ ದಿಕ್ಕಿಗೆ ಎಳೆಯಬೇಕು, ಬಾಚೋ,
ತಿರುಗಾಮುರುಗ ಹಿಡಿದರೆ ಎಳೆದಷ್ಟೂ ಬಾಯಿ ಬಿಡುತ್ತದೆ.
ಕೈ ಹಿಸುಕಬೇಡ, ಭಾರ ಹಾಕು.
ಮೊದಲು ಬಿಗಿಯ ಕಡೆಗೆ ಒಂದು ಕೂದಲೆಳೆ,
ಮತ್ತೆ ಸಡಿಲದ ಕಡೆಗೆ.

ಕಿರ್ರ್.

ಇಡೀ ನೆಲಮಾಳಿಗೆ ಹಲ್ಲು ಕಡಿದು
ಬಾಯಿ ಬಿಟ್ಟಿತು.

ಒಳಗೆ ಸೆಣಬಿನ ನಾರು. ಅದರ ಮೇಲೆ ಹಸಿರು ಪೇಂಟು.
ಸುತ್ತಿದ್ದು ಎಡಕ್ಕೆ, ಎಳೆ ಬಿಚ್ಚಿಕೊಳ್ಳುವ ದಿಕ್ಕಿಗೆ.
ಎಡಗೈಯವಳು ನಾನು.
ಕೆಲಸ ಕಲಿಯುವ ವರ್ಷ ನನ್ನ ಚೀಲದಲ್ಲಿದ್ದದ್ದು
ಕಿಟಕಿಗೆ ಬಳಿದು ಉಳಿದ ಒಂದೇ ಡಬ್ಬಿ ಹಸಿರು,
ಮತ್ತೆ ಕೆಂಪು ಅಂಗಿಯ, ಗಲಗಲ ಎನ್ನುವ ಒಂದು ಇಕ್ಕಳ.
ಆಗ ಇಲ್ಲಿ ಗಡಿಯಾರ ರಿಪೇರಿಯ ಅಂಗಡಿ.
ಆ ಮುದುಕನಿಗೆ ಎಷ್ಟು ಧೈರ್ಯವಾಗಿ ಹೇಳಿದ್ದೆ,
ಇನ್ನು ಇದು ಜನ್ಮದಲ್ಲಿ ಸೋರುವುದಿಲ್ಲ, ಎಂದು.

ಜುಂಬೇರನಿಗೆ ಹೇಳಲಿಲ್ಲ.
ಭಾವಮೈದುನನ ಮೇಲೆ ಬಿದ್ದ ಬೈಗುಳ ಬಿದ್ದಲ್ಲೇ ಇದೆ.
ಹೊಸ ನಟ್ಟು ಹಾಕಿ, ನಾರನ್ನು ಬಲಕ್ಕೆ ಸುತ್ತಿ,
ಹಳೆಯದನ್ನು ಜೇಬಿಗಿಳಿಸಿ, ಹಣ ಬೇಡ ಎಂದೆ.
ಅವನಿಗೆ ಆಶ್ಚರ್ಯ. ನಿನಗೆ ಇನ್ನೂ ಹೆಚ್ಚು.

ಬೆಳಗಿನ ಮೊದಲ ರೊಟ್ಟಿ ಒಲೆಯ ಗೋಡೆಯಿಂದ ಎದ್ದು ಬಂತು,
ದೋಣಿಯ ಹಾಗೆ ಉದ್ದ, ಮುಟ್ಟಿದರೆ ಸುಡುತ್ತದೆ.
ನೀನು ಅದನ್ನು ಇಕ್ಕಳದಲ್ಲಿ ಹಿಡಿದೆ,
ಇಪ್ಪತ್ತು ಕೊಟ್ಟು ತಂದ ಇಕ್ಕಳದಲ್ಲಿ!
ಬೈಯಲು ಬಾಯಿ ತೆರೆದವಳು
ರೊಟ್ಟಿಗೇ ಬಾಯಿ ಹಾಕಿದೆ.
ಸ್ವಲ್ಪ ಎಣ್ಣೆಯ ವಾಸನೆ.