ತಲಿ ಮ್ಯಾಲಿನ ಚುಕ್ಕಿ

ಗದಗಿನ ಹಾತಲಗೇರಿ ನಾಕಾದ ಹಿಂದ,
ಹಿಟ್ಟಿನ ಗಿರಣಿಗೆ ಗ್ವಾಡಿ ಹಚ್ಚಿ ನಮ್ಮ ಪ್ರೆಸ್ಸು.
ನಾನು ಪ್ರೂಫ್ ನೋಡಾಕಿ. ಮೊಳಿ ಜೋಡಸಾಂವ
ಫಕೀರಪ್ಪ ಬಾರಕೇರ.
ತನ್ನ ಹೆಸರು ತಾನ ಹೇಳುವಾಗ ಪಕೀರಪ್ಪ ಅಂತಿದ್ದ.
ನಾಲಿಗಿಗೆ ಬರದ ಉಸಿರು ಬೆರಳಿಗೆ ಬರ್ತಿತ್ತು:
ಕೇಸಿನ ನೂರೆಂಟು ಮನಿಯೊಳಗ ಫ ಎಲ್ಲಿ, ಭ ಎಲ್ಲಿ,
ನೋಡದ ಎತ್ತಾಂವ, ಅದೂ ಕನ್ನಡಿ ಬರಹದಾಗ.

ಮತದಾರರ ಪಟ್ಟಿ ಬಂದ್ರ ಪ ತೀರತಿತ್ತು.
ಪರಪ್ಪ, ಪಾರವ್ವ, ಪುಂಡಲೀಕ, ಪತ್ರೆಪ್ಪ,
ಅಷ್ಟು ಪ ಯಾವ ಫೌಂಡ್ರಿ ಎರಕ ಹೊಯ್ದೀತು?
ಆವಾಗ ಒಂದು ಫ ತಗೊಂಡು, ಸಣ್ಣ ಅರದಿಂದ
ಕೆಳಗಿನ ಗೀಟು ಹಾರಸತಿದ್ದ.
"ಉಸಿರು ತಗದೆ ನೋಡ್ರಿ ಅಕ್ಕಾರ, ಇನ್ನ ಇದು ಬರೇ ಪ."
ಊದಿದ್ರ ಸೀಸದ ಪುಡಿ
ಗಿರಣಿ ಹಿಟ್ಟಿನ ಸಂಗಾಟ ಬಿಸಲಾಗ ಹಾರತಿತ್ತು.

ಹಾಳಿ ಹಾರದಂಗ ಭಾರಕ್ಕಿಟ್ಟ ಒಂದು ತಗಡಿನ ಡಬ್ಬಿ.
ಒಳಗ ಯಾವ ಕೇಸಿಗೂ ಸೇರದ ಮೊಳಿ, ಮೂವತ್ತೊಂದು.
ಬೆಳಗಾವಿ ಲಿಲಾವಿನ್ಯಾಗ ಟ್ರೆಡಲ್ ಕೊಂಡಾಗ ಬಂದಿದ್ವಂತ.
ಇಂಗ್ಲೀಷ್ ಅನ್ನಬೇಕು, ಆದರ ಇಂಗ್ಲೀಷ್ ಅಲ್ಲ.
ಜಿ ಅನ್ನೋದು ಕುಡಗೋಲಿನಂಗ ಬಾಗಿತ್ತು,
ಆರ್ ಯಾವುದು ಎಸ್ ಯಾವುದು, ಅವಳಿ ಮಕ್ಕಳು.
ಕೆಲವಕ್ಕ ತಲಿ ಮ್ಯಾಲ ಒಂದೊಂದು ಚುಕ್ಕಿ.
ಸೊನ್ನಿ ಜಾಗ ತಪ್ಪೇತಿ ಅಂತ ನಾನು,
ಎರಕ ಕೆಟ್ಟೇತಿ ಅಂತ ಅಂವ.

ರಸೀದಿ ಪುಸ್ತಕ ಮಾಡಿಸಾಕ ಬಂದ ಐರ್ಲೆಂಡಿನ ಸಿಸ್ಟರು
ಆ ಡಬ್ಬಿ ಬಿಚ್ಚಿ, ಸ್ಟೂಲಿನ ಮ್ಯಾಲ ಕುಂತ ಬಿಟ್ಟಳು.
ನಮ್ಮವ್ವ ಓದು ಕಲತದ್ದು ಇದರಾಗ, ಅಂದಳು.
ಇದು ಚುಕ್ಕಿ ಅಲ್ಲ, ಉಸಿರು.
ಬ ಮ್ಯಾಲ ಇಟ್ರ ಬ ಕರಗಿ ವ ಆಗತೈತಿ,
ಪ ಮ್ಯಾಲ ಇಟ್ರ ಫ.
ಆಮ್ಯಾಲ ಟೈಪ್‌ರೈಟರಿಗೆ ಚುಕ್ಕಿ ಒಗ್ಗಲಿಲ್ಲಂತ,
ಅದನ್ನ ಇಳಿಸಿ ಬಾಜೂಕ ಒಂದು ಎಚ್ ಕುಂಡ್ರಿಸಿದ್ರಂತ.
ನಾನು ತಿಳಿಸಿ ಹೇಳಿದೆ. ಫಕೀರಪ್ಪ ಕೈ ಒರಸಿಕೊಂಡ:
"ಅವರು ತಲಿ ಮ್ಯಾಲ ಇಡತಾರ, ನಾವು ಹೊಟ್ಟಿ ಸೀಳತೀವಿ.
ಉಸಿರು ಎಲ್ಲಿಂದರ ಹೋಗಬೇಕಲ್ರಿ."
ಸಿಸ್ಟರು ನಕ್ಕಳು, ಏನು ತಿಳೀತೋ.
ಹೋಗುವಾಗ ರಸೀದಿ ರೊಕ್ಕದಾಗ ಐದು ರೂಪಾಯಿ ಹಿಡಕೊಂಡಳು.

ಅವತ್ತಿನಿಂದ ಅಂವ ಫ ತಿಕ್ಕಲಿಲ್ಲ.
ಪ ತೀರಿದ್ರ, "ಪರಪ್ಪ ನಾಳೆ ಬರಲಿ" ಅಂತ
ಸ್ಟಿಕ್ಕು ಕೆಳಗಿಟ್ಟು ಚಾಕ್ಕ ಹೋಗತಿದ್ದ.

ಪ್ರೆಸ್ಸು ಮಾರಿದಾಗ ಗುಜರಿಯಾಂವ ತಕ್ಕಡಿ ತಂದ.
ಕಾಗುಣಿತ, ಒತ್ತು, ಆ ಡಬ್ಬಿ,
ಎಲ್ಲಾ ಒಂದ ದರ.

ಹ್ವಾದ ಸೋಮವಾರ ಕಾರ್ಡು ಬಂತು, ಆಫ್‌ಸೆಟ್ಟು, ನುಣ್ಣಗ:
ಪಕೀರಪ್ಪ ಬಾರಕೇರ ದೈವಾಧೀನರಾದರು.
ಮಗ ಕಿವಿಲೆ ಕೇಳಿದ್ದನ್ನ ಬರಿಸ್ಯಾನ. ತಪ್ಪು ಹೆಂಗ ಅನ್ನಲಿ?
ಕೆಂಪು ಪೆನ್ಸಿಲ್ ಹುಡುಕಿ, ಗೀಟು ಹೊಡಿಯಾಕ ಹೋಗಿ
ಕೈ ತಡದೆ.
ಪ ತಲಿ ಮ್ಯಾಲ ಒಂದು ಚುಕ್ಕಿ ಇಟ್ಟೆ, ಅಷ್ಟ.
ತಿದ್ದಿದ ಪ್ರೂಫು ಟೇಬಲ್ ಮ್ಯಾಲೈತಿ.
ಒಯ್ಯಾಂವ ಇಲ್ಲ.